ಊರ ಪಕ್ಕ ಸೇನಾ ನೆಲೆ ಬಂದರೆ: ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ್ದ ನೇಟೋ ಸೇನಾ ಒಕ್ಕೂಟದ ದೇಶಗಳು ಒಂದು ದೊಡ್ಡ ಗುರಿ ಹಾಕಿಕೊಂಡವು. 2035ರ ಹೊತ್ತಿಗೆ ತಮ್ಮ ದೇಶದ ಒಟ್ಟು ಉತ್ಪನ್ನದ ಶೇ. 5ರಷ್ಟನ್ನು ರಕ್ಷಣೆಗೆ ಮತ್ತು ಅದಕ್ಕೆ ಹೊಂದಿಕೊಂಡ ಕೆಲಸಗಳಿಗೆ ಖರ್ಚು ಮಾಡುವುದು. ಲಿಥುವೇನಿಯಾದಲ್ಲಿ ಜರ್ಮನಿ ಆಗಲೇ ಸುಮಾರು 5,000 ಜನರ ಒಂದು ಬ್ರಿಗೇಡನ್ನು ಕಾಯಂ ಆಗಿ ನೆಲೆಗೊಳಿಸಲು ಹೊರಟಿದೆ. 2027ರ ಕೊನೆಗೆ ಅದು ಪೂರ್ತಿ ಸಿದ್ಧವಾಗಬೇಕು. ಅದಕ್ಕಾಗಿ ರೂದ್ನಿಂಕಾಯ್ ಎಂಬಲ್ಲಿ ಹೊಸ ನೆಲೆ ಕಟ್ಟಲಾಗುತ್ತಿದೆ. ಸೈನಿಕರ ಕುಟುಂಬಗಳಿಗೆ ಮನೆ ಬೇಕು, ಮಕ್ಕಳಿಗೆ ಶಾಲೆ ಬೇಕು. ಇತ್ತ ಏಷ್ಯಾದಲ್ಲಿ ಫಿಲಿಪ್ಪೀನ್ಸ್ 2023ರಲ್ಲಿ ಅಮೆರಿಕದ ಪಡೆಗಳ ಬಳಕೆಗೆ ಇನ್ನೂ 4 ನೆಲೆಗಳನ್ನು ತೆರೆದುಕೊಟ್ಟಿತು.

ಹೊಸ ನೆಲೆ ಬರುತ್ತದೆ ಎಂಬ ಸುದ್ದಿ ಬಂದ ಕೂಡಲೇ ಅಕ್ಕಪಕ್ಕದ ಜನರಲ್ಲಿ ಏಳುವ ಪ್ರಶ್ನೆ ದೇಶದ ಭದ್ರತೆಯದ್ದಲ್ಲ. ಇದರಿಂದ ನಮಗೇನು ಸಿಗುತ್ತದೆ, ನಾವೇನು ಕಳೆದುಕೊಳ್ಳುತ್ತೇವೆ ಅನ್ನುವುದೇ ಮೊದಲ ಪ್ರಶ್ನೆ. ಅಧಿಕಾರಿಗಳು ಸಾವಿರಾರು ಉದ್ಯೋಗ ಅನ್ನುತ್ತಾರೆ. ಜಮೀನು ಕಳೆದುಕೊಳ್ಳುವವರು ಬದುಕೇ ಹೋಯಿತು ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜವಿರಬಹುದು. ಯಾಕೆಂದರೆ ನೆಲೆ ಒಂದೇ ಆದರೂ ಅದರ ಲಾಭ ನಷ್ಟ ಎಲ್ಲರಿಗೂ ಒಂದೇ ಥರ ಹಂಚಿಕೆ ಆಗುವುದಿಲ್ಲ. ಹಾಗಾಗಿ ಒಟ್ಟು ಖರ್ಚಿನ ದೊಡ್ಡ ಅಂಕಿಯನ್ನು ಪಕ್ಕಕ್ಕಿಟ್ಟು, ಆ ಹಣ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡಬೇಕು. ಈ ಲೇಖನ ಮಾಡಲು ಹೊರಟಿರುವುದು ಅದನ್ನೇ.

ನೆಲೆ ಅಂದರೆ ಏನೇನು ಇರುತ್ತದೆ?

ಸೇನಾ ನೆಲೆ ಅಂದ ಕೂಡಲೇ ಬೇಲಿ, ಟ್ಯಾಂಕು, ವಿಮಾನ ಕಣ್ಣ ಮುಂದೆ ಬರುತ್ತವೆ. ಹಣದ ಲೆಕ್ಕದಲ್ಲಿ ನೋಡಿದರೆ ಅದೊಂದು ಪುಟ್ಟ ಪಟ್ಟಣ. ಅಲ್ಲಿ ಮನೆಗಳಿವೆ, ಆಸ್ಪತ್ರೆ ಇದೆ, ಗ್ಯಾರೇಜು, ಅಡುಗೆಮನೆ, ಗೋದಾಮು, ಕಚೇರಿಗಳಿವೆ. ಸಮವಸ್ತ್ರ ಹಾಕಿದವರ ಜೊತೆಗೆ ಸಾಮಾನ್ಯ ನೌಕರರೂ ಇರುತ್ತಾರೆ. ಗುಮಾಸ್ತರು, ಮೆಕ್ಯಾನಿಕ್‌ಗಳು, ಎಲೆಕ್ಟ್ರಿಷಿಯನ್‌ಗಳು, ದಾದಿಯರು.

ಎಲ್ಲ ನೆಲೆಗಳೂ ಒಂದೇ ಥರ ಅಲ್ಲ. ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆ ಇರುವ ಕೈಸರ್ಸ್‌ಲೌಟರ್ನ್ ಭಾಗದಲ್ಲಿ ಅಮೆರಿಕದ ಸೈನಿಕರು ಹೆಂಡತಿ ಮಕ್ಕಳ ಸಮೇತ ವರ್ಷಗಟ್ಟಲೆ ಇರುತ್ತಾರೆ. ಅಮೆರಿಕದ ಹೊರಗೆ ಅವರ ಅತಿ ದೊಡ್ಡ ಸೇನಾ ಸಮುದಾಯ ಅದೇ. ಆಫ್ರಿಕಾದ ಜಿಬೌಟಿಯಲ್ಲಿರುವ ಕ್ಯಾಂಪ್ ಲೆಮನ್ಯೇಗೆ ಸೈನಿಕರು ಒಬ್ಬೊಬ್ಬರೇ ಬರುತ್ತಾರೆ, ಕೆಲವೇ ತಿಂಗಳು ಇರುತ್ತಾರೆ, ಬೇಲಿಯೊಳಗೇ ಉಂಡು ಮಲಗುತ್ತಾರೆ. ಎರಡೂ ನೆಲೆಗಳೇ. ಆದರೆ ಸುತ್ತಲ ಊರಿನ ಮೇಲೆ ಅವುಗಳ ಪರಿಣಾಮಕ್ಕೆ ಹೋಲಿಕೆಯೇ ಇಲ್ಲ.

ಹಣ ಬರುವ ದಾರಿಗಳು

ಮೊದಲನೆಯದು ಸಂಬಳ. ಸೈನಿಕರಿಗೂ ನೆಲೆಯ ಸಾಮಾನ್ಯ ನೌಕರರಿಗೂ ತಿಂಗಳು ತಿಂಗಳು ಬರುವ ಹಣ ಇದು. ದೇಶದ ಆರ್ಥಿಕತೆ ಬಿದ್ದರೂ ಈ ಸಂಬಳ ನಿಲ್ಲುವುದಿಲ್ಲ. ಕಾರ್ಖಾನೆ ಮುಚ್ಚಿದ ವರ್ಷವೂ ನೆಲೆಯ ಪಕ್ಕದ ಊರಿನ ಅಂಗಡಿ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಸಣ್ಣ ಊರುಗಳು ನೆಲೆಗಾಗಿ ಹಂಬಲಿಸುವುದಕ್ಕೆ ಇದೇ ಮುಖ್ಯ ಕಾರಣ.

ಎರಡನೆಯದು ಗುತ್ತಿಗೆ. ಕಟ್ಟಡ, ರಸ್ತೆ, ದುರಸ್ತಿ, ಸ್ವಚ್ಛತೆ, ಊಟ, ಬಟ್ಟೆ ಒಗೆಯುವುದು, ಎಲ್ಲವನ್ನೂ ಹೊರಗಿನವರಿಗೆ ವಹಿಸಬಹುದು. ಕಟ್ಟುವ ಕಾಲದಲ್ಲಿ ಈ ಹಣ ಜೋರಾಗಿ ಬರುತ್ತದೆ. ಕಟ್ಟಿ ಮುಗಿದ ಮೇಲೆ ಇಳಿದುಬಿಡುತ್ತದೆ. ದಕ್ಷಿಣ ಕೊರಿಯಾದ ಪ್ಯೊಂಗ್‌ಟೆಕ್‌ನಲ್ಲಿ ಕ್ಯಾಂಪ್ ಹಂಫ್ರೀಸ್ ನೆಲೆಯನ್ನು ವಿಸ್ತರಿಸಲು ಸುಮಾರು 1,080 ಕೋಟಿ ಡಾಲರ್ ಖರ್ಚಾಯಿತು. ಅದರಲ್ಲಿ ಶೇ. 90ರಷ್ಟನ್ನು ಕೊಟ್ಟದ್ದು ಕೊರಿಯಾ ಸರ್ಕಾರ. ಹೊರಗಿನ ಹಣ ಬಂತು ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ಅದೇ ದೇಶದ ತೆರಿಗೆದಾರರ ಹಣವಾಗಿರುತ್ತದೆ.

ಮೂರನೆಯದು ಪಿಂಚಣಿ. ಇದನ್ನು ಜನ ಮರೆತೇಬಿಡುತ್ತಾರೆ. ಅಮೆರಿಕದಲ್ಲಿ ನಿವೃತ್ತ ಸೈನಿಕರು ನೆಲೆಯ ಆಸ್ಪತ್ರೆ ಮತ್ತು ಅಗ್ಗದ ಅಂಗಡಿಯನ್ನು ಬಳಸಬಹುದು. ಹಾಗಾಗಿ ಬಹಳ ಮಂದಿ ನೆಲೆಯ ಹತ್ತಿರವೇ ಮನೆ ಮಾಡುತ್ತಾರೆ. ಅವರ ಪಿಂಚಣಿಯೂ ಆ ಊರಿಗೆ ಬರುತ್ತದೆ.

ಇನ್ನು ವಿದೇಶಿ ನೆಲೆಯಾದರೆ ಬಾಡಿಗೆ ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ರಾಜಧಾನಿಯ ಖಜಾನೆಗೆ ಹೋಗುತ್ತದೆ, ನೆಲೆಯ ಪಕ್ಕದ ಬೀದಿಗೆ ಅಲ್ಲ. 2014ರ ಒಪ್ಪಂದದ ಪ್ರಕಾರ ಅಮೆರಿಕ ಜಿಬೌಟಿಗೆ ವರ್ಷಕ್ಕೆ 6.3 ಕೋಟಿ ಡಾಲರ್ ಕೊಡುತ್ತದೆ. ಫ್ರಾನ್ಸ್, ಜಪಾನ್, ಚೀನಾದ ನೆಲೆಗಳೂ ಆ ಪುಟ್ಟ ದೇಶದಲ್ಲಿವೆ. ಸರ್ಕಾರಕ್ಕೆ ಇದು ದೊಡ್ಡ ಆದಾಯ. ಜನರ ಬದುಕಿಗೆ ಅದು ಎಷ್ಟು ಮುಟ್ಟುತ್ತದೆ ಅನ್ನುವುದು ಸರ್ಕಾರ ಆ ಹಣವನ್ನು ಏನು ಮಾಡುತ್ತದೆ ಅನ್ನುವುದರ ಮೇಲೆ ನಿಂತಿದೆ.

ಒಂದು ರೂಪಾಯಿ ಎಷ್ಟು ಕೈ ದಾಟುತ್ತದೆ?

ನೆಲೆಯ ಬಗ್ಗೆ ಬರುವ ಪ್ರತಿ ವರದಿಯಲ್ಲೂ ‘ಗುಣಕ’ ಎಂಬ ಮಾತು ಸಿಗುತ್ತದೆ. ಮಲ್ಟಿಪ್ಲೈಯರ್ ಅಂತಲೂ ಕರೆಯುತ್ತಾರೆ. ರಿಚರ್ಡ್ ಕಾನ್ ಎಂಬ ಅರ್ಥಶಾಸ್ತ್ರಜ್ಞ 1931ರಲ್ಲಿ ಇದನ್ನು ಲೆಕ್ಕವಾಗಿ ಬಿಡಿಸಿಟ್ಟರು. ವಿಷಯ ಕಷ್ಟದ್ದೇನಲ್ಲ. ಒಬ್ಬರು ಮಾಡುವ ಖರ್ಚು ಇನ್ನೊಬ್ಬರ ಆದಾಯ. ಆ ಇನ್ನೊಬ್ಬರು ಅದರಲ್ಲಿ ಒಂದಷ್ಟು ಖರ್ಚು ಮಾಡಿದರೆ ಅದು ಮೂರನೆಯವರ ಆದಾಯ. ಹೀಗೆ ಒಂದೇ ಹಣ ಹಲವು ಕೈ ದಾಟುತ್ತದೆ.

ಊರಿಗೆ 100 ರೂಪಾಯಿ ಬಂತು ಅಂತಿಟ್ಟುಕೊಳ್ಳಿ. ಬಂದ ಹಣದಲ್ಲಿ ಶೇ. 40 ಮಾತ್ರ ಮತ್ತೆ ಊರೊಳಗೇ ಖರ್ಚಾಗುತ್ತದೆ ಅನ್ನೋಣ. ಉಳಿದದ್ದು ತೆರಿಗೆ, ಉಳಿತಾಯ, ಹೊರಗಿನಿಂದ ತಂದ ಸಾಮಾನಿನ ಬೆಲೆಯಾಗಿ ಊರು ಬಿಟ್ಟು ಹೋಗುತ್ತದೆ. ಆಗ ಮೊದಲ ಸುತ್ತಿನಲ್ಲಿ 100, ಎರಡನೆಯದರಲ್ಲಿ 40, ಮೂರನೆಯದರಲ್ಲಿ 16, ಆಮೇಲೆ 6.4. ಎಲ್ಲ ಕೂಡಿದರೆ ಸುಮಾರು 167. ಅಂದರೆ ಗುಣಕ 1.67. ಊರೊಳಗೆ ಉಳಿಯುವುದು ಶೇ. 20 ಮಾತ್ರ ಆದರೆ ಒಟ್ಟು 125. ಶೇ. 60 ಉಳಿದರೆ 250. ಬಂದ ಹಣ ಅಷ್ಟೇ, ಆದರೆ ಫಲ ಇಮ್ಮಡಿ. ಕೆರೆಗೆ ಎಷ್ಟು ನೀರು ಬಂತು ಅನ್ನುವುದಕ್ಕಿಂತ ತೂಬಿನಲ್ಲಿ ಎಷ್ಟು ಹರಿದುಹೋಯಿತು ಅನ್ನುವುದೇ ಇಲ್ಲಿ ಮುಖ್ಯ.

ಸಣ್ಣ ಊರಿನಲ್ಲಿ ಹರಿದುಹೋಗುವುದು ಜಾಸ್ತಿ. ಯಾಕೆ? ಅಲ್ಲಿ ಏನೂ ತಯಾರಾಗುವುದಿಲ್ಲ, ಎಲ್ಲವೂ ಹೊರಗಿನಿಂದಲೇ ಬರಬೇಕು. ಒಬ್ಬ ಸೈನಿಕ ಟಿವಿ ಕೊಂಡ ಅನ್ನಿ. ಬೆಲೆಯ ಬಹುಪಾಲು ಟಿವಿ ತಯಾರಿಸಿದ ದೇಶಕ್ಕೆ ಹೋಯಿತು. ಅಂಗಡಿಯವನಿಗೆ ಉಳಿದದ್ದು ಸಣ್ಣ ಲಾಭ. ಅದೇ ಸೈನಿಕ ನೆಲೆಯ ಗೇಟಿನ ಹೊರಗಿನ ಕ್ಷೌರದಂಗಡಿಗೆ ಹೋದರೆ? ಸೇನೆಯ ನಿಯಮದಂತೆ ಕೂದಲು ಆಗಾಗ ಕತ್ತರಿಸಲೇಬೇಕು, ಹಾಗಾಗಿ ಗಿರಾಕಿ ತಪ್ಪುವುದಿಲ್ಲ. ಕತ್ತರಿ, ಕುರ್ಚಿ, ಕನ್ನಡಿ ಬಿಟ್ಟರೆ ಆ ಅಂಗಡಿಯವನಿಗೆ ಹೊರಗಿನಿಂದ ತರಿಸಬೇಕಾದ್ದು ಕಡಿಮೆ. ಕೊಟ್ಟ ಹಣದ ದೊಡ್ಡ ಭಾಗ ಅವನ ಕೂಲಿ. ಅದು ಅವನ ಮನೆಖರ್ಚಿಗೆ, ಮಕ್ಕಳ ಫೀಸಿಗೆ, ಪಕ್ಕದ ಅಂಗಡಿಗೆ ಹೋಗುತ್ತದೆ. ಟಿವಿಯ ಬಿಲ್ಲಿನ ಮುಂದೆ ಕ್ಷೌರದ ಹಣ ಏನೂ ಅಲ್ಲ. ಆದರೂ ಕೊಟ್ಟ ಪ್ರತಿ ರೂಪಾಯಿಗೆ ಊರಿಗೆ ಜಾಸ್ತಿ ಉಳಿಸುವುದು ಅದೇ.

ದೊಡ್ಡ ಗುತ್ತಿಗೆಗಳಲ್ಲೂ ಇದೇ ಲೆಕ್ಕ. ರನ್‌ವೇಗೆ ಹೊಸ ಡಾಂಬರು ಹಾಕುವ ಕೆಲಸ ಬಂತು ಅಂತ ಪತ್ರಿಕೆಯಲ್ಲಿ ದೊಡ್ಡ ಸುದ್ದಿ ಆಗಬಹುದು. ಆ ಕೆಲಸ ಹಿಡಿದದ್ದು ದೂರದ ನಗರದ ಕಂಪನಿ, ಯಂತ್ರಗಳು ಅವರವೇ, ಕೆಲಸಗಾರರೂ ಅವರೇ ಕರೆತಂದವರು ಎಂದಾದರೆ ಊರಿಗೆ ಸಿಗುವುದು ಅವರ ಊಟ ವಸತಿಯ ಖರ್ಚು ಮಾತ್ರ.

ಬೇಲಿಯೊಳಗಿನ ಅಂಗಡಿ

ಮೇಲಿನ ಲೆಕ್ಕದಲ್ಲಿ 100 ರೂಪಾಯಿಯೂ ಊರಿಗೆ ಬಂತು ಅಂದುಕೊಂಡೆವು. ನಿಜದಲ್ಲಿ ಅಷ್ಟು ಬರುವುದೇ ಇಲ್ಲ.

ಅಮೆರಿಕದ ನೆಲೆಗಳಲ್ಲಿ ಕಮಿಸರಿ ಎಂಬ ದಿನಸಿ ಅಂಗಡಿ ಇರುತ್ತದೆ. ಅಲ್ಲಿ ಲಾಭ ಇಟ್ಟುಕೊಳ್ಳದೆ ಮಾರುತ್ತಾರೆ, ಮೇಲೆ ಶೇ. 5 ಸರ್‌ಚಾರ್ಜ್ ಸೇರುತ್ತದೆ. ಹೊರಗಿನ ಅಂಗಡಿಯವನು ಇದರ ಜೊತೆ ಪೈಪೋಟಿ ಮಾಡುವುದು ಹೇಗೆ? ಬೇಲಿಯೊಳಗೇ ಪೆಟ್ರೋಲ್ ಬಂಕು, ಚಿತ್ರಮಂದಿರ, ಜಿಮ್, ಫಾಸ್ಟ್‌ಫುಡ್ ಕೂಡ ಇರುತ್ತವೆ. ವಿದೇಶದ ನೆಲೆಗಳಲ್ಲಂತೂ ತಿನ್ನುವ ಪದಾರ್ಥವೂ ತಾಯ್ನಾಡಿನಿಂದ ಹಡಗಿನಲ್ಲೋ ವಿಮಾನದಲ್ಲೋ ಬರಬಹುದು. ಇದರ ಮೇಲೆ ಸೈನಿಕ ಒಂದಷ್ಟನ್ನು ಉಳಿಸುತ್ತಾನೆ, ಮನೆಗೆ ಕಳಿಸುತ್ತಾನೆ.

ಹೀಗೆಲ್ಲ ಕಳೆದು ಸಂಬಳದಲ್ಲಿ ಅರ್ಧ ಮಾತ್ರ ಹೊರಗಿನ ಊರಿಗೆ ಬಂತು ಅನ್ನಿ. ಗುಣಕ 1.67 ಅಂತಲೇ ಇಟ್ಟುಕೊಂಡರೂ 50 ರೂಪಾಯಿ 83 ಆಗುತ್ತದೆ. ಅಂದರೆ 100 ರೂಪಾಯಿ ಸಂಬಳ ಊರೊಳಗೆ ಹುಟ್ಟಿಸಿದ್ದು 100ಕ್ಕಿಂತ ಕಡಿಮೆ! ಎಷ್ಟೋ ವರದಿಗಳು ಪೂರ್ತಿ ಸಂಬಳವನ್ನೇ ಗುಣಕದಿಂದ ಗುಣಿಸಿ 167 ಅಂತ ಬರೆದುಬಿಡುತ್ತವೆ. ಅಂಕಿ ನೋಡಿ ಹಿಗ್ಗುವ ಮುಂಚೆ ಈ ಒಂದು ಸಂಗತಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬೇಲಿಯನ್ನು ಸ್ವಲ್ಪ ತೆರೆದಿಡುವುದು ಸಾಧ್ಯವಿದೆ. ಜಿಬೌಟಿಯ ನೆಲೆಗೆ ಬೇಕಾದ ವಸ್ತು ಮತ್ತು ಸೇವೆಗಳಲ್ಲಿ ಅಲ್ಲಿನವರಿಗೇ ಆದ್ಯತೆ ಕೊಡುವ ನೀತಿಯನ್ನು ಅಮೆರಿಕ ನಂತರ ತಂದಿತು. ಇಂಥ ಶರತ್ತನ್ನು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಹಾಕಿಸಿಕೊಂಡರೆ ಊರಿಗೆ ಅನುಕೂಲ. ನೆಲೆ ಬಂದು ಕೂತ ಮೇಲೆ ಕೇಳುವವರ ಕೈ ಸೋಲುತ್ತದೆ.

ಜಮೀನು, ಬಾಡಿಗೆ, ತೆರಿಗೆ

ನೆಲೆಯ ಹಣ ಮೊದಲು ಮುಟ್ಟುವುದು ಮನೆ ಬಾಡಿಗೆಯನ್ನು. ಅಮೆರಿಕದಲ್ಲಿ ನೆಲೆಯ ಹೊರಗೆ ವಾಸಿಸುವ ಸೈನಿಕರಿಗೆ ಮನೆ ಭತ್ಯೆ ಸಿಗುತ್ತದೆ. ಆಯಾ ಊರಿನ ಬಾಡಿಗೆ ನೋಡಿ ಸರ್ಕಾರ ಅದನ್ನು ನಿಗದಿ ಮಾಡುತ್ತದೆ, ಪಟ್ಟಿ ಎಲ್ಲರಿಗೂ ಸಿಗುತ್ತದೆ. ಮನೆ ಮಾಲೀಕನೂ ಅದನ್ನು ನೋಡಿಯೇ ಬಾಡಿಗೆ ಹೇಳಬಹುದು. ಸೈನಿಕನಿಗೆ ಹೊರೆಯಾಗುವುದಿಲ್ಲ, ಭತ್ಯೆ ಇದೆ. ಅದೇ ಬೀದಿಯಲ್ಲಿ ಮನೆ ಹುಡುಕುವ ಶಾಲಾ ಶಿಕ್ಷಕಿಗೋ ಅಂಗಡಿಯ ನೌಕರನಿಗೋ ಭತ್ಯೆ ಇಲ್ಲವಲ್ಲ. ಮನೆ ಇದ್ದವರಿಗೆ ನೆಲೆಯಿಂದ ಲಾಭ, ಬಾಡಿಗೆಗೆ ಇರುವವರಿಗೆ ಸಂಕಟ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಇದು ನಡೆಯುತ್ತದೆ. ‘ಊರಿಗೆ ಲಾಭವೋ ನಷ್ಟವೋ’ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಸಿಗದಿರುವುದು ಇದಕ್ಕೇ.

ತೆರಿಗೆಯದ್ದು ಬೇರೆ ತಲೆನೋವು. ಸರ್ಕಾರದ ಜಮೀನಿಗೆ ಊರಿನ ಆಡಳಿತ ಆಸ್ತಿ ತೆರಿಗೆ ಹಾಕುವ ಹಾಗಿಲ್ಲ. ಆದರೆ ಸೈನಿಕರ ಮಕ್ಕಳು ಊರ ಶಾಲೆಗೇ ಬರುತ್ತಾರೆ, ಅವರ ಗಾಡಿಗಳು ಊರ ರಸ್ತೆಯಲ್ಲೇ ಓಡುತ್ತವೆ. ಈ ಅನ್ಯಾಯ ಸರಿದೂಗಿಸಲು ಅಮೆರಿಕ 1950ರಲ್ಲೇ ‘ಇಂಪ್ಯಾಕ್ಟ್ ಏಡ್’ ಎಂಬ ಯೋಜನೆ ತಂದಿತು. ನೆಲೆಯಿಂದಾಗಿ ತೆರಿಗೆ ಕಳೆದುಕೊಂಡ ಶಾಲಾ ಜಿಲ್ಲೆಗಳಿಗೆ ಕೇಂದ್ರ ಸರ್ಕಾರವೇ ಹಣ ಕೊಡುತ್ತದೆ.

ಇನ್ನು ಜಮೀನು. ನೆಲೆಗೆ ಬೇಕಾಗುವುದು ಸಾಮಾನ್ಯವಾಗಿ ಸಮತಟ್ಟಾದ, ನೀರಿರುವ, ರಸ್ತೆಗೋ ಸಮುದ್ರಕ್ಕೋ ಹತ್ತಿರವಿರುವ ಜಾಗ. ಬೇಸಾಯಕ್ಕೂ ಪೇಟೆಗೂ ಬೇಕಾಗುವುದು ಅಂಥ ಜಾಗವೇ. ಕ್ಯಾಂಪ್ ಹಂಫ್ರೀಸ್ ವಿಸ್ತರಣೆಗೆ ಪ್ಯೊಂಗ್‌ಟೆಕ್ ಬಳಿಯ ದೇಚುರಿ ಎಂಬ ಹಳ್ಳಿಯ ಭತ್ತದ ಗದ್ದೆಗಳು ಹೋದವು. ರೈತರು ವರ್ಷಗಟ್ಟಲೆ ಹೋರಾಡಿ 2007ರಲ್ಲಿ ಊರು ಬಿಟ್ಟರು. ಪರಿಹಾರ ಸಿಕ್ಕಿತು ನಿಜ. ಆದರೆ ಗದ್ದೆ ಮಾಡಿ ಬದುಕಿದ ವಯಸ್ಸಾದ ರೈತನಿಗೆ ಹಣ ಕೈಗೆ ಬಂದರೂ ಕಸುಬು ವಾಪಸ್ ಬರುವುದಿಲ್ಲ. ಲೆಕ್ಕದ ವರದಿಗಳಲ್ಲಿ ಈ ನಷ್ಟಕ್ಕೆ ಒಂದು ಸಾಲೂ ಇರುವುದಿಲ್ಲ. ಇರಬೇಕಿತ್ತು.

ಸೈನಿಕರು ಹೊರಟಾಗ ಊರು ಬಿಕೋ ಅನ್ನುತ್ತದೆ

ನೆಲೆಯನ್ನೇ ನೆಚ್ಚಿಕೊಂಡ ಊರಿಗೆ ಒಂದು ವಿಚಿತ್ರ ಅಪಾಯ ಇದೆ. ಯುದ್ಧ ಬಂದರೆ ರಕ್ಷಣಾ ಖರ್ಚು ಏರುತ್ತದೆ, ಊರಿನ ವ್ಯಾಪಾರ ಮಾತ್ರ ಬೀಳುತ್ತದೆ! 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ಜಾರ್ಜಿಯಾ ರಾಜ್ಯದ ಫೋರ್ಟ್ ಸ್ಟೂವರ್ಟ್‌ನಿಂದ 24ನೇ ಇನ್‌ಫಂಟ್ರಿ ಡಿವಿಷನ್ ಎಂಬ ದೊಡ್ಡ ಪಡೆ ಕೊಲ್ಲಿಗೆ ಹೊರಟಿತು. ಪಕ್ಕದ ಹೈನ್ಸ್‌ವಿಲ್ ಎಂಬ ಊರಿನ ವ್ಯಾಪಾರಕ್ಕೆ ದೊಡ್ಡ ಏಟು ಬಿತ್ತು. ಸಂಬಳ ನಿಂತಿರಲಿಲ್ಲ. ಖರ್ಚು ಮಾಡುವ ಜನರೇ ಊರಲ್ಲಿರಲಿಲ್ಲ. ಗಂಡ ದೂರ ಹೋದಾಗ ಎಷ್ಟೋ ಹೆಂಡತಿಯರು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿಬಿಡುತ್ತಾರೆ. ಅಲ್ಲಿಗೆ ಮನೆ, ದಿನಸಿ, ಶಾಲೆ ಎಲ್ಲದರ ಲೆಕ್ಕವೂ ತಪ್ಪುತ್ತದೆ.

ನೆಲೆಯ ಪಕ್ಕ ಎಂಥ ವ್ಯಾಪಾರ ಬೆಳೆಯುತ್ತದೆ ಅನ್ನುವುದೂ ಮುಖ್ಯ. ಅಲ್ಲಿನ ಗಿರಾಕಿಗಳು ಬಹುಪಾಲು 20ರ ಆಸುಪಾಸಿನ ಯುವಕರು. ಕೈಯಲ್ಲಿ ಖಚಿತ ಸಂಬಳ, ಮೇಲೆ ಮನೆಯವರ ಕಣ್ಣಿಲ್ಲ. ಅಮೆರಿಕದಲ್ಲಿ ಗೇಟಿನ ಹೊರಗೆ ಬಾರುಗಳು, ಹಳೇ ಕಾರಿನ ವ್ಯಾಪಾರಿಗಳು, ಸಂಬಳದ ಮೇಲೆ ಕೈಸಾಲ ಕೊಡುವವರು ಸಾಲಾಗಿ ಕೂತರು. ಆ ಕೈಸಾಲದ ಬಡ್ಡಿ ಎಷ್ಟು ಜಾಸ್ತಿಯಾಯಿತು ಅಂದರೆ, ಸೈನಿಕರಿಗೆ ಕೊಡುವ ಇಂಥ ಸಾಲಕ್ಕೆ ವರ್ಷಕ್ಕೆ ಶೇ. 36ರ ಮಿತಿ ಹಾಕುವ ಕಾನೂನನ್ನು 2006ರಲ್ಲಿ ತರಬೇಕಾಯಿತು.

ಸೈನಿಕರ ಹೆಂಡತಿಯರ ಪರಿಸ್ಥಿತಿಯೂ ಯೋಚಿಸಬೇಕಾದ್ದೇ. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ ಆದರೆ ಯಾವ ಕೆಲಸ ತಾನೇ ನಿಲ್ಲುತ್ತದೆ? ಅಮೆರಿಕದ ರಕ್ಷಣಾ ಇಲಾಖೆಯ ಸಮೀಕ್ಷೆಗಳಲ್ಲೇ ಅವರ ನಿರುದ್ಯೋಗ ಶೇ. 20ರ ಆಸುಪಾಸಿನಲ್ಲಿದೆ. ಓದಿಕೊಂಡವರು ಸಿಕ್ಕ ಕೆಲಸಕ್ಕೆ, ಸಿಕ್ಕ ಕೂಲಿಗೆ ಒಪ್ಪಿಕೊಳ್ಳಬೇಕಾಗುತ್ತದೆ. ಅದರಿಂದ ಊರಿನ ಉಳಿದ ಹೆಣ್ಣುಮಕ್ಕಳ ಕೂಲಿಯ ಮೇಲೂ ಒತ್ತಡ ಬೀಳಬಹುದು.

ನೆಲೆ ಮುಚ್ಚಿದರೆ ಊರು ಮುಗಿಯಿತಾ?

ನೆಲೆ ಊರಿಗೆ ನಿಜವಾಗಿ ಏನು ಕೊಡುತ್ತಿತ್ತು ಅನ್ನುವುದು ಗೊತ್ತಾಗುವುದು ಅದು ಮುಚ್ಚಿದಾಗಲೇ. ಶೀತಲ ಸಮರ ಮುಗಿಯುತ್ತಿದ್ದ ಹಾಗೆ ಅಮೆರಿಕಕ್ಕೆ ಅಷ್ಟು ನೆಲೆಗಳು ಬೇಕಿರಲಿಲ್ಲ. ಆದರೆ ಯಾವ ಜನಪ್ರತಿನಿಧಿ ತಾನೇ ತನ್ನ ಕ್ಷೇತ್ರದ ನೆಲೆ ಮುಚ್ಚಿ ಅನ್ನುತ್ತಾನೆ? ಅದಕ್ಕೊಂದು ಉಪಾಯ ಮಾಡಿದರು. ಸ್ವತಂತ್ರ ಆಯೋಗವೊಂದು ಮುಚ್ಚುವ ನೆಲೆಗಳ ಪಟ್ಟಿ ಮಾಡುತ್ತದೆ. ಸಂಸತ್ತು ಇಡೀ ಪಟ್ಟಿಯನ್ನು ಒಪ್ಪಬೇಕು, ಇಲ್ಲವೇ ಇಡೀ ಪಟ್ಟಿಯನ್ನು ತಳ್ಳಬೇಕು. ಒಂದೊಂದೇ ಹೆಸರು ತೆಗೆಯುವ ಹಾಗಿಲ್ಲ. 1988, 1991, 1993, 1995 ಮತ್ತು 2005ರಲ್ಲಿ ಹೀಗೆ 5 ಸುತ್ತು ನಡೆಯಿತು.

ಪಟ್ಟಿ ಬಂದಾಗಲೆಲ್ಲ ಊರು ಸತ್ತೇಹೋಗುತ್ತದೆ ಎಂಬ ಅಂದಾಜುಗಳು ಬಂದವು. ಕ್ಯಾಲಿಫೋರ್ನಿಯಾದ ಕ್ಯಾಸಲ್, ಜಾರ್ಜ್ ವಾಯುನೆಲೆಗಳು ಮತ್ತು ಫೋರ್ಟ್ ಆರ್ಡ್ ಮುಚ್ಚಿದ ಮೇಲೆ ಏನಾಯಿತು ಅಂತ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಅಧ್ಯಯನ ಮಾಡಿ 1996ರಲ್ಲಿ ವರದಿ ಕೊಟ್ಟಿತು. ಪೆಟ್ಟು ಬಿದ್ದದ್ದು ನಿಜ, ಆದರೆ ಹೆದರಿದ್ದಷ್ಟು ದೊಡ್ಡದಲ್ಲ ಅನ್ನುವುದು ಅದರ ಸಾರ. ಕಾರಣ ನಾವು ಆಗಲೇ ನೋಡಿದ್ದೇ. ಸೈನಿಕರು ಬೇಲಿಯೊಳಗೇ ಕೊಳ್ಳುತ್ತಿದ್ದರು. ಹಾಗಾಗಿ ಅವರು ಹೋದಾಗ ಹೊರಗಿನ ಅಂಗಡಿ ಕಳೆದುಕೊಂಡದ್ದು ಕಡಿಮೆ. ಇನ್ನೊಂದು ಕಡೆ, ನಿವೃತ್ತ ಸೈನಿಕರು ಊರು ಬಿಟ್ಟು ಹೋಗಲಿಲ್ಲ. ಅಗ್ಗದ ಅಂಗಡಿ ಮುಚ್ಚಿದ್ದರಿಂದ ಅವರು ಊರ ಅಂಗಡಿಗೆ ಬರಲೇಬೇಕಾಯಿತು. ಇದ್ದಾಗ ಊರಿಗೆ ಕಡಿಮೆ ಕೊಟ್ಟ ನೆಲೆ, ಹೋಗುವಾಗ ಕಿತ್ತುಕೊಳ್ಳುವುದೂ ಕಡಿಮೆ.

ಎಲ್ಲ ಊರಿನ ಕಥೆಯೂ ಹೀಗಲ್ಲ. ಎರಡು ನೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಈಶಾನ್ಯ ಮೂಲೆಯಲ್ಲಿದ್ದ ಪೀಸ್ ಮತ್ತು ಲೋರಿಂಗ್, ಎರಡೂ ಬಾಂಬರ್ ವಿಮಾನಗಳ ನೆಲೆಗಳು. ಎರಡಕ್ಕೂ 3 ಕಿಲೋಮೀಟರ್‌ಗಿಂತ ಉದ್ದದ ರನ್‌ವೇ. ಪೀಸ್ ಮುಚ್ಚಿದ್ದು 1991ರಲ್ಲಿ, ಲೋರಿಂಗ್ 1994ರಲ್ಲಿ. ಪೀಸ್ ಇದ್ದದ್ದು ನ್ಯೂ ಹ್ಯಾಂಪ್‌ಶೈರ್‌ನ ಕರಾವಳಿಯಲ್ಲಿ, ಬಾಸ್ಟನ್ ನಗರಕ್ಕೆ ಸುಮಾರು ಒಂದು ಗಂಟೆಯ ದಾರಿ. ಇವತ್ತು ಅಲ್ಲಿ 250ಕ್ಕೂ ಹೆಚ್ಚು ಕಂಪನಿಗಳು, 10,000ಕ್ಕೂ ಹೆಚ್ಚು ಉದ್ಯೋಗಗಳಿವೆ. ನೆಲೆಯಿದ್ದಾಗ ಸಾಮಾನ್ಯ ಜನರಿಗೆ ಇಷ್ಟು ಕೆಲಸ ಅಲ್ಲಿರಲಿಲ್ಲ. ಲೋರಿಂಗ್ ಇದ್ದದ್ದು ಮೇನ್ ರಾಜ್ಯದ ತುತ್ತತುದಿಯಲ್ಲಿ, ಕೆನಡಾ ಗಡಿಯ ಹತ್ತಿರ, ಆಲೂಗೆಡ್ಡೆ ಹೊಲಗಳ ನಡುವೆ. ಅಲ್ಲಿನ ಲೈಮ್‌ಸ್ಟೋನ್ ಪಟ್ಟಣದಲ್ಲಿ 1990ರ ಜನಗಣತಿಯಲ್ಲಿ ಸುಮಾರು 9,900 ಜನ ಇದ್ದರು. 2000ದಲ್ಲಿ ಉಳಿದದ್ದು 2,400ಕ್ಕಿಂತ ಕಡಿಮೆ. ಸರ್ಕಾರ ಅಲ್ಲಿಗೆ ರಕ್ಷಣಾ ಇಲಾಖೆಯ ಲೆಕ್ಕಪತ್ರದ ಕಚೇರಿಯೊಂದನ್ನು ತಂದಿತು, ಕೆಲವು ನೂರು ಜನಕ್ಕೆ ಕೆಲಸ ಸಿಕ್ಕಿತು. ನಷ್ಟ ತುಂಬಲಿಲ್ಲ.

ಅಂದರೆ ರನ್‌ವೇ ಎಷ್ಟು ಉದ್ದ, ಕಟ್ಟಡ ಎಷ್ಟು ಗಟ್ಟಿ ಅನ್ನುವುದು ಊರನ್ನು ಉಳಿಸುವುದಿಲ್ಲ. ಸುತ್ತಮುತ್ತ ಬೇರೆ ಆರ್ಥಿಕತೆ ಇದೆಯೇ, ಆ ಜಾಗ ಬೇರೆಯವರಿಗೂ ಬೇಕೇ ಅನ್ನುವುದೇ ನಿರ್ಣಾಯಕ. ದೊಡ್ಡ ನಗರದ ಬಗಲಲ್ಲಿರುವ ನೆಲೆ ಮುಚ್ಚಿದರೆ ಬೆಲೆಬಾಳುವ ಜಾಗ ಸಿಕ್ಕಿದ ಹಾಗೆ. ಬೇರೇನೂ ಇಲ್ಲದ ಕಡೆ ನೆಲೆಯೇ ಊರು.

ಫಿಲಿಪ್ಪೀನ್ಸ್‌ನ ಸುಬಿಕ್ ಕೊಲ್ಲಿಯಲ್ಲಿದ್ದ ಅಮೆರಿಕದ ನೌಕಾನೆಲೆಯ ಕಥೆಯಲ್ಲಿ ಜನರ ಪಾತ್ರ ದೊಡ್ಡದು. 1991ರ ಜೂನ್‌ನಲ್ಲಿ ಪಿನಟೂಬೋ ಜ್ವಾಲಾಮುಖಿ ಸಿಡಿದು ಆ ಭಾಗವೆಲ್ಲ ಬೂದಿಯಲ್ಲಿ ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರ್ 16ರಂದು ಅಲ್ಲಿನ ಸೆನೆಟ್ 12–11 ಮತಗಳಿಂದ ನೆಲೆಯನ್ನು ಮುಂದುವರಿಸುವ ಹೊಸ ಒಪ್ಪಂದವನ್ನು ತಿರಸ್ಕರಿಸಿತು. 1992ರ ನವೆಂಬರ್ 24ಕ್ಕೆ ಅಮೆರಿಕದ ನೌಕಾಪಡೆ ಹೊರಟಿತು. ಪಕ್ಕದ ಒಲಂಗಪೋ ನಗರ ನೆಲೆಯನ್ನೇ ನಂಬಿತ್ತು. ಬಿಟ್ಟುಹೋದ ಕಟ್ಟಡ, ಯಂತ್ರಗಳು ಲೂಟಿಯಾಗದಂತೆ ಸಾವಿರಾರು ಸ್ವಯಂಸೇವಕರು ಕಾವಲು ನಿಂತರು. ಸರ್ಕಾರ ಅದನ್ನು ಮುಕ್ತ ಬಂದರು ವಲಯ ಮಾಡಿತು. 1995ರಲ್ಲಿ ಫೆಡ್‌ಎಕ್ಸ್ ತನ್ನ ಏಷ್ಯಾ ಕೇಂದ್ರವನ್ನು ಅಲ್ಲೇ ತೆರೆಯಿತು. ಕ್ರಮೇಣ ನೆಲೆಯ ಕಾಲಕ್ಕಿಂತ ಜಾಸ್ತಿ ಜನಕ್ಕೆ ಅಲ್ಲಿ ಕೆಲಸ ಸಿಕ್ಕಿತು. ಏಳುಬೀಳು ಇಲ್ಲದೆ ಇರಲಿಲ್ಲ. ಫೆಡ್‌ಎಕ್ಸ್ 2009ರಲ್ಲಿ ಚೀನಾದ ಗ್ವಾಂಗ್‌ಝೌಗೆ ಹೋಯಿತು. 2019ರಲ್ಲಿ ಹಾನ್‌ಜಿನ್ ಕಂಪನಿ ಅಲ್ಲಿ ನಡೆಸುತ್ತಿದ್ದ ಹಡಗು ಕಟ್ಟುವ ಕಾರ್ಖಾನೆ ದಿವಾಳಿಯಾಯಿತು. ಆದರೂ ಒಬ್ಬನೇ ಧಣಿಯನ್ನು ನೆಚ್ಚಿಕೊಂಡ ಕಾಲ ಮುಗಿದಿತ್ತು. ಒಂದು ಕಂಪನಿ ಹೋದರೆ ಇನ್ನೊಂದಕ್ಕೆ ಜಾಗ ಇತ್ತು.

ಜಪಾನಿನ ಒಕಿನಾವಾ ಇನ್ನೊಂದು ಪಾಠ. ದೇಶದ ಭೂಭಾಗದಲ್ಲಿ ಅದರ ಪಾಲು ಶೇ. 0.6 ಮಾತ್ರ. ಆದರೆ ಅಮೆರಿಕದ ಪಡೆಗಳಿಗೇ ಮೀಸಲಾದ ನೆಲೆಗಳ ವಿಸ್ತೀರ್ಣದಲ್ಲಿ ಸುಮಾರು ಶೇ. 70 ಅಲ್ಲೇ ಇದೆ. 1972ರಲ್ಲಿ ದ್ವೀಪ ಅಮೆರಿಕದ ಆಡಳಿತದಿಂದ ಜಪಾನಿಗೆ ಮರಳಿದಾಗ ಅಲ್ಲಿನ ಆದಾಯದಲ್ಲಿ ನೆಲೆಗಳ ಪಾಲು ಶೇ. 15ಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಈಚೆಗೆ ಅದು ಶೇ. 5ರ ಸುಮಾರಿಗೆ ಇಳಿದಿದೆ. ನೆಲೆಗಳು ಅಷ್ಟು ಕಡಿಮೆ ಆಗಿಲ್ಲ, ಪ್ರವಾಸೋದ್ಯಮ ಮುಂತಾದವು ಬೆಳೆದಿವೆ. ನಾಹಾ ನಗರದಲ್ಲಿ ಸೈನಿಕ ಕುಟುಂಬಗಳ ಮನೆಗಳಿದ್ದ ಜಾಗ 1987ರ ಹೊತ್ತಿಗೆ ಪೂರ್ತಿ ಮರಳಿ ಬಂತು. ಅಲ್ಲಿ ಈಗ ಮಾಲ್, ಕಚೇರಿ, ಮನೆಗಳ ಹೊಸ ಪೇಟೆ ಇದೆ. ಆ ಜಾಗದ ನೇರ ಆರ್ಥಿಕ ಫಲ 32 ಪಟ್ಟು ಹೆಚ್ಚಿತು ಅಂತ ಒಕಿನಾವಾ ಆಡಳಿತವೇ ಲೆಕ್ಕ ಹಾಕಿದೆ. ಇದರಲ್ಲಿ ಒಂದು ಭಾಗ ಹಳೆ ಪೇಟೆಯ ವ್ಯಾಪಾರ ಇಲ್ಲಿಗೆ ಬಂದದ್ದು ಅನ್ನುವುದನ್ನು ಮರೆಯಬಾರದು. ಜಾಗ ಮರಳಿ ಬಂದು ಪೇಟೆ ಏಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು ಅನ್ನುವುದನ್ನೂ ಕೂಡ.

ಒಕಿನಾವಾದ ಎಲ್ಲರೂ ನೆಲೆ ಹೋಗಲಿ ಅನ್ನುವುದಿಲ್ಲ. ಅಲ್ಲಿನ ನೆಲೆಗಳ ದೊಡ್ಡ ಭಾಗ ಖಾಸಗಿ ಜಮೀನು. ಸಾವಿರಾರು ಮಾಲೀಕರಿಗೆ ಜಪಾನ್ ಸರ್ಕಾರ ವರ್ಷ ವರ್ಷ ಬಾಡಿಗೆ ಕಟ್ಟುತ್ತದೆ. ಖಾತ್ರಿ ಆದಾಯ ಅಂತ ಇಂಥ ಜಮೀನನ್ನು ಹೂಡಿಕೆಗಾಗಿ ಕೊಳ್ಳುವವರೂ ಇದ್ದಾರೆ. ಅಜ್ಜನ ಕಾಲದಲ್ಲಿ ಕಿತ್ತುಕೊಂಡ ಹೊಲದ ಬಾಡಿಗೆಯಲ್ಲೇ ಮೊಮ್ಮಗನ ಸಂಸಾರ ನಡೆಯುತ್ತಿರಬಹುದು. ಅವನು ಏನು ಹೇಳಬೇಕು?

ನೆಲದಡಿಯಲ್ಲಿ ಉಳಿಯುವುದು

ಮುಚ್ಚಿದ ನೆಲೆಯನ್ನು ಮರುದಿನವೇ ಬಳಸಲು ಆಗುವುದಿಲ್ಲ. ಸಿಡಿಯದೆ ಉಳಿದ ಗುಂಡು, ಸೋರಿದ ಇಂಧನ, ವಿಮಾನ ತೊಳೆಯುವ ರಾಸಾಯನಿಕ ಮಣ್ಣಿನಲ್ಲಿ ಸೇರಿರುತ್ತವೆ. ಫೋರ್ಟ್ ಆರ್ಡನ್ನು 1990ರಲ್ಲೇ, ಇನ್ನೂ ಮುಚ್ಚುವ ಮೊದಲೇ, ದೇಶದ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿದ್ದರು. 1994ರಲ್ಲಿ ನೆಲೆ ಮುಚ್ಚಿತು. ಮರುವರ್ಷವೇ ಅದರ ಒಂದು ಭಾಗದಲ್ಲಿ ವಿಶ್ವವಿದ್ಯಾಲಯದ ತರಗತಿಗಳು ಶುರುವಾದವು. ಇದು ಒಳ್ಳೆಯ ಭಾಗ. ಜಾಗದ ಮರುಬಳಕೆಗೆಂದು ಮಾಡಿದ ಪ್ರಾಧಿಕಾರದ ಅವಧಿ 2020ರಲ್ಲಿ ಮುಗಿಯಿತು. ಆಗಲೂ ಹಳೆಯ ಬ್ಯಾರಕ್‌ಗಳ ಸಾಲು ಸಾಲು ಹಾಳುಬಿದ್ದೇ ಇತ್ತು. ಸ್ವಚ್ಛ ಮಾಡುವ ಖರ್ಚು ಒಂದು ತೊಡಕು, ಅಂತರ್ಜಲಕ್ಕೆ ಸಮುದ್ರದ ಉಪ್ಪು ನುಗ್ಗಿ ಹೊಸ ಮನೆಗಳಿಗೆ ನೀರಿನ ಅಭಾವ ಇನ್ನೊಂದು.

ಯಶಸ್ಸಿನ ಉದಾಹರಣೆ ಅಂದ ಪೀಸ್‌ನಲ್ಲೂ ಇದು ತಪ್ಪಲಿಲ್ಲ. ವಿಮಾನದ ಬೆಂಕಿ ಆರಿಸುವ ನೊರೆಯಲ್ಲಿ ಪಿಎಫ್‌ಎಎಸ್ ಎಂಬ ರಾಸಾಯನಿಕಗಳಿರುತ್ತವೆ. ಅವು ಸುಲಭವಾಗಿ ಕರಗಿ ಮಾಯವಾಗುವಂಥವಲ್ಲ. ನೆಲೆ ಮುಚ್ಚಿ 20 ವರ್ಷ ದಾಟಿದ ಮೇಲೆ, 2014ರಲ್ಲಿ, ಅಲ್ಲಿನ ಕುಡಿಯುವ ನೀರಿನ ಬಾವಿಯೊಂದರಲ್ಲಿ ಅವು ಪತ್ತೆಯಾದವು. ಬಾವಿಯನ್ನು ಮುಚ್ಚಬೇಕಾಯಿತು. ಆ ಜಾಗದಲ್ಲಿ ಕಚೇರಿಗಳ ಜೊತೆ ಮಕ್ಕಳ ಡೇಕೇರ್‌ಗಳೂ ಇದ್ದವು.

ಅಧಿಕಾರಿಗಳ ವರದಿ ಕೈಗೆ ಬಂದರೆ

‘ಈ ನೆಲೆ ಇಷ್ಟು ಸಾವಿರ ಉದ್ಯೋಗ ಸೃಷ್ಟಿಸುತ್ತದೆ’ ಅನ್ನುವ ಸಾಲು ಕಂಡರೆ ಅದರಲ್ಲಿ ಸೈನಿಕರೂ ಸೇರಿದ್ದಾರೆಯೇ ನೋಡಿ. ಸೇರಿದ್ದರೆ ಅವರು ಬೇರೆ ಕಡೆಯಿಂದ ಬಂದವರು, ಊರಿನ ನಿರುದ್ಯೋಗಿಗೆ ಸಿಕ್ಕ ಕೆಲಸ ಅದಲ್ಲ. ‘ಪ್ರದೇಶ’ ಅಂದರೆ ಎಷ್ಟು ದೊಡ್ಡದು ಅನ್ನುವುದನ್ನೂ ಗಮನಿಸಿ. ಇಡೀ ರಾಜ್ಯವನ್ನು ಪ್ರದೇಶ ಅಂದರೆ ಗುಣಕ ತಾನೇ ದೊಡ್ಡದಾಗುತ್ತದೆ, ಯಾಕೆಂದರೆ ರಾಜ್ಯದೊಳಗೆ ಹರಿದ ಹಣವೆಲ್ಲ ‘ಒಳಗೇ ಉಳಿಯಿತು’ ಎಂದಾಗುತ್ತದೆ. ಗೇಟಿನ ಪಕ್ಕದ ಊರಿಗೆ ಆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ.

ಇನ್ನೊಂದನ್ನು ಬಹಳ ವರದಿಗಳು ಕೇಳುವುದೇ ಇಲ್ಲ. ನೆಲೆ ಬರದಿದ್ದರೆ ಅದೇ ಜಾಗದಲ್ಲಿ ಏನಿರುತ್ತಿತ್ತು? ಬಂಜರು ಭೂಮಿಯಾಗಿದ್ದರೆ ನೆಲೆಯಿಂದ ಬಂದದ್ದೆಲ್ಲ ಹೊಸದು. ಬಂದರು, ಹೊಲ, ಪೇಟೆ ಆಗಬಹುದಾಗಿದ್ದ ಜಾಗವಾದರೆ ಅವುಗಳ ಆದಾಯವನ್ನು ಕಳೆದು ಲೆಕ್ಕ ಹಾಕಬೇಕು. ಲೋರಿಂಗ್‌ನಂಥ ಕಡೆ ಕಳೆಯಬೇಕಾದ್ದು ಸ್ವಲ್ಪ. ನಾಹಾ ನಗರದ ನಡುವಿನ ಜಾಗಕ್ಕೆ ಅದೇ ಲೆಕ್ಕ ಹಾಕಿದರೆ, ನೆಲೆ ಇದ್ದಷ್ಟು ವರ್ಷವೂ ಊರು ನಷ್ಟದಲ್ಲೇ ಇತ್ತು ಅನ್ನುವ ಉತ್ತರ ಬರಬಹುದು.